ವಾಹನದ ವೈರ್‌ಲೆಸ್ ಸೆಟ್ಟಿಗೆ ವಿದ್ಯುತ್ತು: ಕೀಲಿಯೊಡನೆ ಹತ್ತಿ ಕೀಲಿಯೊಡನೆ ಆರುವ ಜೋಡಣೆ

ಚಂಡಮಾರುತ, ಭೂಕಂಪ, ನೆರೆ ಮುಂತಾದ ವಿಪತ್ತುಗಳು ಒದಗಿದಾಗ ಮೊದಲು ಕಡಿದುಹೋಗುವುದು ಸಂಪರ್ಕ ವ್ಯವಸ್ಥೆ. ಕಂಬಗಳು ಉರುಳುತ್ತವೆ, ತಂತಿಗಳು ತುಂಡಾಗುತ್ತವೆ, ವಿದ್ಯುತ್ ಪೂರೈಕೆ ನಿಂತಾಗ ಮೊಬೈಲ್ ಗೋಪುರಗಳೂ ಕೆಲವು ಗಂಟೆಗಳಲ್ಲಿ ಮೌನವಾಗುತ್ತವೆ. 1999ರ ಅಕ್ಟೋಬರ್ ತಿಂಗಳಲ್ಲಿ ಒಡಿಶಾ ಕರಾವಳಿಗೆ ಅಪ್ಪಳಿಸಿದ ಮಹಾಚಂಡಮಾರುತ, 2001ರ ಜನವರಿ 26ರಂದು ಗುಜರಾತಿನ ಕಛ್ ಪ್ರದೇಶದಲ್ಲಿ ಸಂಭವಿಸಿದ ಭೂಕಂಪ, 2004ರ ಡಿಸೆಂಬರ್ 26ರಂದು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳನ್ನೂ ಪೂರ್ವ ಕರಾವಳಿಯನ್ನೂ ಹೊಡೆದ ಸುನಾಮಿ, ಈ ಮೂರೂ ಸಂದರ್ಭಗಳಲ್ಲಿ ದ್ವಿಮುಖ ರೇಡಿಯೋ ಉಪಕರಣಗಳು ನೆರವಿಗೆ ಬಂದವು. ಪೊಲೀಸ್ ಮತ್ತು ಸೇನಾ ಜಾಲಗಳ ಜೊತೆಗೆ ಹವ್ಯಾಸಿ ರೇಡಿಯೋ ನಿರ್ವಾಹಕರು, ಅಂದರೆ 'ಹ್ಯಾಮ್'ಗಳು, ಬದುಕುಳಿದವರ ಸುದ್ದಿಯನ್ನು ಅವರ ಬಂಧುಗಳಿಗೆ ತಲುಪಿಸಿದರು.

ಇಂಥ ಉಪಕರಣಗಳನ್ನು ಇಂದು ಅನೇಕ ವಾಹನಗಳಲ್ಲಿ ಅಳವಡಿಸಲಾಗುತ್ತಿದೆ. ಪರಿಹಾರ ಸಾಮಗ್ರಿ ಸಾಗಿಸುವ ಸ್ವಯಂಸೇವಾ ಸಂಸ್ಥೆಗಳು, ಗಣಿ ಮತ್ತು ಕಾಮಗಾರಿ ಪ್ರದೇಶಗಳ ಮೇಲ್ವಿಚಾರಕರು, ಪರವಾನಗಿ ಪಡೆದ ಹ್ಯಾಮ್‌ಗಳು ಇದಕ್ಕೆ ಹೆಚ್ಚಾಗಿ ಆಯ್ದುಕೊಳ್ಳುವುದು ಪಿಕಪ್ ವಾಹನವನ್ನು. ಒರಟು ರಸ್ತೆಯಲ್ಲೂ ಸಾಗಬಲ್ಲ ಇದರಲ್ಲಿ ಜನರಿಗೂ ಸರಕಿಗೂ ಸ್ಥಳವಿರುತ್ತದೆ. ಆದರೆ ಸೆಟ್ಟಿಗೆ ವಿದ್ಯುತ್ತನ್ನು ಎಲ್ಲಿಂದ ಪಡೆಯಬೇಕೆಂಬ ಪ್ರಶ್ನೆಗೆ ಸಾಕಷ್ಟು ಗಮನ ದೊರೆಯುವುದಿಲ್ಲ. ಕೈಗೆ ಸಿಕ್ಕಿದ ತಂತಿಗೆ ಸೆಟ್ಟನ್ನು ಜೋಡಿಸಿದಾಗ ಎರಡು ಬಗೆಯ ಅನಾಹುತಗಳು ಸಂಭವಿಸಬಹುದು. ಅವಶ್ಯವಾದ ದಿನವೇ ವಾಹನ ಸ್ಟಾರ್ಟ್ ಆಗದೆ ನಿಲ್ಲಬಹುದು. ಇಲ್ಲವೇ ಬಿಸಿಯೇರಿದ ತಂತಿಯಿಂದ ಬೆಂಕಿ ಹೊತ್ತಿಕೊಳ್ಳಬಹುದು. ಇವೆರಡನ್ನೂ ತಪ್ಪಿಸುವ ಜೋಡಣೆ ಕಷ್ಟದ್ದೇನೂ ಅಲ್ಲ. ಅದರ ವಿವರಗಳನ್ನು ಇಲ್ಲಿ ಕೊಡಲಾಗಿದೆ.

ಬ್ಯಾಟರಿ ಬರಿದಾಗುವ ಲೆಕ್ಕ

ಪಿಕಪ್ ವಾಹನಗಳ ವಿದ್ಯುತ್ ವ್ಯವಸ್ಥೆ ಸಾಮಾನ್ಯವಾಗಿ 12 ವೋಲ್ಟಿನದು. ಪೂರ್ಣ ಚಾರ್ಜ್ ಆದ ಬ್ಯಾಟರಿಯು ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅರ್ಧ ಬರಿದಾದಾಗ ಅದು ಸುಮಾರು 12.2 ವೋಲ್ಟಿಗೆ ಇಳಿಯುತ್ತದೆ, 11.9ರ ಕೆಳಗೆ ಬಂದರೆ ಬಹುತೇಕ ಬರಿದಾಯಿತೆಂದೇ ತಿಳಿಯಬೇಕು. ಎಂಜಿನ್ ನಡೆಯುತ್ತಿರುವಾಗ ಆಲ್ಟರ್ನೇಟರ್ ವಿದ್ಯುತ್ ಉತ್ಪಾದಿಸುವುದರಿಂದ ಈ ಪ್ರಮಾಣ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟಿನವರೆಗೆ ಏರುತ್ತದೆ. ವಾಹನದಲ್ಲಿ ಬಳಸುವ ರೇಡಿಯೋ ಸೆಟ್ಟುಗಳನ್ನು 13.8 ವೋಲ್ಟಿಗೆ ಹೊಂದುವಂತೆ ತಯಾರಿಸಿರುವುದು ಇದೇ ಕಾರಣದಿಂದ. ದೊಡ್ಡ ಲಾರಿಗಳಲ್ಲಿ 24 ವೋಲ್ಟಿನ ವ್ಯವಸ್ಥೆ ಇರುತ್ತದೆ. 12 ವೋಲ್ಟಿನ ಸೆಟ್ಟನ್ನು ಅಲ್ಲಿ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ.

50 ವಾಟ್ ಶಕ್ತಿಯ ಸೆಟ್ಟು ಮಾತನ್ನು ಪ್ರಸಾರ ಮಾಡುವಾಗ ಸುಮಾರು 10ರಿಂದ 12 ಆಂಪಿಯರ್ ವಿದ್ಯುತ್ ಪ್ರವಾಹವನ್ನು ಸೆಳೆಯುತ್ತದೆ. ಸುಮ್ಮನೆ ಕರೆಗಾಗಿ ಕಾಯುತ್ತಿರುವಾಗ ಅದಕ್ಕೆ ಬೇಕಾಗುವುದು ಸುಮಾರು ಅರ್ಧ ಆಂಪಿಯರ್ ಮಾತ್ರ. ಈ ಅರ್ಧ ಆಂಪಿಯರನ್ನು ಅಲ್ಪವೆಂದು ಬಗೆಯಲಾಗದು. ಶುಕ್ರವಾರ ಸಂಜೆ ವಾಹನ ನಿಲ್ಲಿಸಿದ ಚಾಲಕನು ಸೆಟ್ಟನ್ನು ಆರಿಸಲು ಮರೆತನೆಂದು ಭಾವಿಸೋಣ. ಸೋಮವಾರ ಮುಂಜಾನೆಗೆ 60 ಗಂಟೆ ಕಳೆದಿರುತ್ತದೆ. 30 ಆಂಪಿಯರ್-ಗಂಟೆಗಳಷ್ಟು ವಿದ್ಯುತ್ತು ವ್ಯಯವಾಗಿರುತ್ತದೆ. 70 ಆಂಪಿಯರ್-ಗಂಟೆಯ ಹೊಸ ಬ್ಯಾಟರಿ ಇದನ್ನು ಹೇಗೋ ತಾಳಿಕೊಂಡೀತು. ಎರಡು ಮೂರು ಬೇಸಿಗೆಗಳನ್ನು ಕಂಡು ಸತ್ವಗುಂದಿದ ಬ್ಯಾಟರಿಗೆ ಅದು ಸಾಧ್ಯವಾಗುವುದಿಲ್ಲ. ಡೀಸೆಲ್ ಎಂಜಿನ್ನನ್ನು ತಿರುಗಿಸಲು ಸ್ಟಾರ್ಟರ್ ಮೋಟಾರ್ ಕೆಲವು ಕ್ಷಣ ನೂರಾರು ಆಂಪಿಯರುಗಳನ್ನು ಬೇಡುತ್ತದೆ. ಆ ಶಕ್ತಿ ಉಳಿದಿರದಿದ್ದರೆ ವಾಹನ ನಿಂತಲ್ಲೇ ನಿಲ್ಲುತ್ತದೆ.

ಈ ಮರೆವಿನಿಂದ ಪಾರಾಗುವ ಉಪಾಯವೆಂದರೆ, ವಾಹನದ ಕೀಲಿ ತಿರುಗಿಸಿದಾಗ ಸೆಟ್ಟು ತಾನಾಗಿ ಚಾಲನೆಗೊಂಡು ಕೀಲಿ ತೆಗೆದಾಗ ತಾನಾಗಿ ಆರುವಂತೆ ಏರ್ಪಡಿಸುವುದು.

ಕೀಲಿಯ ನಾಲ್ಕು ಸ್ಥಾನಗಳು

ಇಗ್ನಿಷನ್ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ನಾಲ್ಕು ಸ್ಥಾನಗಳಿರುತ್ತವೆ. ಮೊದಲನೆಯದು 'ಲಾಕ್'. ಇಲ್ಲಿ ಗಡಿಯಾರ, ಕಳವು ಎಚ್ಚರಿಕೆಯ ಸಾಧನ ಮೊದಲಾದ ಕೆಲವನ್ನು ಬಿಟ್ಟು ಉಳಿದೆಲ್ಲಕ್ಕೂ ವಿದ್ಯುತ್ತು ಕಡಿದಿರುತ್ತದೆ. ಎರಡನೆಯದು 'ಎಸಿಸಿ'. ಸಂಗೀತದ ಸೆಟ್ಟು, ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟು ಮುಂತಾದ ಉಪಾಂಗಗಳಿಗೆ ಮಾತ್ರ ಇಲ್ಲಿ ವಿದ್ಯುತ್ತು ದೊರೆಯುತ್ತದೆ. ಮೂರನೆಯದಾದ 'ಆನ್' ಸ್ಥಾನದಲ್ಲಿ ಎಂಜಿನ್ನಿಗೆ ಸಂಬಂಧಿಸಿದ ಎಲ್ಲ ಸಾಧನಗಳೂ ಜೀವ ತಳೆಯುತ್ತವೆ. ನಾಲ್ಕನೆಯದು 'ಸ್ಟಾರ್ಟ್'. ಈ ಸ್ಥಾನದಲ್ಲಿ ಸ್ಟಾರ್ಟರ್ ಮೋಟಾರಿಗೆ ಹೆಚ್ಚಿನ ಶಕ್ತಿ ಒದಗಲೆಂದು ಎಸಿಸಿ ಮಂಡಲವನ್ನು ಕ್ಷಣಕಾಲ ಕಡಿಯಲಾಗುತ್ತದೆ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ವಾಹನಗಳಲ್ಲಿ ಬ್ರೇಕ್ ಅಥವಾ ಕ್ಲಚ್ ತುಳಿಯದೆ ಗುಂಡಿಯನ್ನು ಒಂದೊಂದೇ ಬಾರಿ ಒತ್ತಿದರೆ ಸಾಮಾನ್ಯವಾಗಿ ಇದೇ ಕ್ರಮ ಕಾಣಿಸುತ್ತದೆ.

ವೈರ್‌ಲೆಸ್ ಸೆಟ್ಟಿಗೆ ಎಸಿಸಿ ಮಂಡಲವೇ ಹೆಚ್ಚು ಸೂಕ್ತ. ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ವೋಲ್ಟೇಜು 10ರ ಕೆಳಕ್ಕೂ ಕುಸಿಯಬಹುದು. ಆ ಕ್ಷಣದಲ್ಲಿ ಸೆಟ್ಟು ಆರಿರುವುದು ಅದಕ್ಕೇ ಕ್ಷೇಮ. ಎಂಜಿನ್ ನಿಲ್ಲಿಸಿ ಮಾತನಾಡಬೇಕಾದಾಗ ಕೀಲಿಯನ್ನು ಎಸಿಸಿಯಲ್ಲಿರಿಸಿದರೆ ಉಳಿದ ಸಾಧನಗಳು ವಿದ್ಯುತ್ತನ್ನು ಕಬಳಿಸುವುದಿಲ್ಲ. ಸರಕು ಸಾಗಣೆಯ ಕೆಲವು ವಾಹನಗಳಲ್ಲಿ ಎಸಿಸಿ ಸ್ಥಾನವೇ ಇರುವುದಿಲ್ಲ. ಅಲ್ಲಿ 'ಆನ್' ಸ್ಥಾನದಲ್ಲಿ ಕೆಲಸ ಮಾಡುವ ವೈಪರ್ ಅಥವಾ ಬ್ಲೋವರ್ ಮಂಡಲವನ್ನು ಬಳಸಬಹುದು.

ಶಕ್ತಿ ಬ್ಯಾಟರಿಯಿಂದ, ಅಪ್ಪಣೆ ಕೀಲಿಯಿಂದ

ಹಾಗಾದರೆ ಸೆಟ್ಟನ್ನು ನೇರವಾಗಿ ಎಸಿಸಿ ತಂತಿಗೇ ಜೋಡಿಸಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಆ ತಂತಿಗಳು ತೆಳುವಾದವು. ಅವುಗಳ ಫ್ಯೂಸ್ ಬಹುಮಟ್ಟಿಗೆ 10 ಅಥವಾ 15 ಆಂಪಿಯರಿನದು. ಸಂಗೀತದ ಸೆಟ್ಟು, ಸಾಕೆಟ್ಟುಗಳು ಈಗಾಗಲೇ ಅದನ್ನು ಹಂಚಿಕೊಂಡಿರುತ್ತವೆ. ಅದರ ಮೇಲೆ ಇನ್ನೂ 12 ಆಂಪಿಯರಿನ ಹೊರೆ ಹೇರಿದರೆ ಫ್ಯೂಸ್ ಕರಗುತ್ತದೆ. ಆಗ ಕೆಲವರು ಅದರ ಜಾಗದಲ್ಲಿ 30 ಆಂಪಿಯರಿನ ಫ್ಯೂಸ್ ಹಾಕುವುದುಂಟು. ತಾಮ್ರದ ತಂತಿಯ ಎಳೆಯನ್ನೇ ಸುತ್ತುವವರೂ ಇದ್ದಾರೆ. ಫ್ಯೂಸ್ ಇರುವುದು ಮುಖ್ಯವಾಗಿ ತಂತಿಯನ್ನು ಕಾಪಾಡುವುದಕ್ಕೆ ಎಂಬುದನ್ನು ಇಂಥವರು ಮರೆತಿರುತ್ತಾರೆ. ದೊಡ್ಡ ಫ್ಯೂಸ್ ಹಾಕಿದ ತೆಳು ತಂತಿ ಡ್ಯಾಶ್‌ಬೋರ್ಡಿನ ಹಿಂಭಾಗದಲ್ಲಿ, ಯಾರ ಕಣ್ಣಿಗೂ ಬೀಳದಂತೆ ಕಾಯುತ್ತದೆ. ಅದರ ಹೊದಿಕೆ ಕರಗಿ ಬೆಂಕಿ ಹತ್ತಬಹುದು.

ಆದುದರಿಂದ ಎರಡು ಕೆಲಸಗಳನ್ನು ಬೇರ್ಪಡಿಸುವುದೇ ಸರಿಯಾದ ಮಾರ್ಗ. ಸೆಟ್ಟಿಗೆ ಬೇಕಾದ ಶಕ್ತಿಯನ್ನು ದಪ್ಪ ತಂತಿಯ ಮೂಲಕ ನೇರವಾಗಿ ಬ್ಯಾಟರಿಯಿಂದ ತರಬೇಕು. ಕೀಲಿಯ ಮಂಡಲದಿಂದ ಪಡೆಯಬೇಕಾದುದು ಹತ್ತು, ಆರು ಎಂಬ ಅಪ್ಪಣೆಯನ್ನು ಮಾತ್ರ. ಈ ಅಪ್ಪಣೆಗೆ ಬೇಕಾಗುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ವಾಹನದ ಮೂಲ ತಂತಿಗಳಿಗೆ ಯಾವ ಹೊರೆಯೂ ಬೀಳುವುದಿಲ್ಲ. ಬ್ಯಾಟರಿಯಿಂದ ನೇರವಾಗಿ ಶಕ್ತಿ ಪಡೆಯುವುದರಿಂದ ಆಲ್ಟರ್ನೇಟರಿನ ಗುಂಯ್‌ಗುಡುವ ಸದ್ದು ಮಾತಿನಲ್ಲಿ ಬೆರೆಯುವುದೂ ಬಹಳಮಟ್ಟಿಗೆ ತಗ್ಗುತ್ತದೆ.

ಸೂಕ್ತ ಮಂಡಲವನ್ನು ಪತ್ತೆಹಚ್ಚುವ ಕ್ರಮ

ಮೊದಲು ವಾಹನದೊಡನೆ ಕೊಟ್ಟ ಕೈಪಿಡಿಯಲ್ಲಿ ಫ್ಯೂಸ್ ಪೆಟ್ಟಿಗೆಯ ನಕ್ಷೆಯನ್ನು ನೋಡಬೇಕು. ಬಹುಪಾಲು ಪಿಕಪ್‌ಗಳಲ್ಲಿ ಒಂದು ಪೆಟ್ಟಿಗೆ ಎಂಜಿನ್ ಭಾಗದಲ್ಲೂ ಇನ್ನೊಂದು ಡ್ಯಾಶ್‌ಬೋರ್ಡಿನ ಕೆಳಗೂ ಇರುತ್ತದೆ. ನಮಗೆ ಬೇಕಾದ ಮಂಡಲ ದೊರೆಯುವುದು ಹೆಚ್ಚಾಗಿ ಎರಡನೆಯದರಲ್ಲಿ. ತಂತಿಯ ಬಣ್ಣವನ್ನು ಮಾತ್ರ ನಂಬಿ ಜೋಡಣೆ ಮಾಡಬಾರದು. ಒಂದೇ ಕಂಪನಿಯ ಎರಡು ಮಾದರಿಗಳಲ್ಲಿ ಬಣ್ಣಗಳು ಬೇರೆಯಾಗಿರಬಹುದು. ಡಿಜಿಟಲ್ ಮಲ್ಟಿಮೀಟರನ್ನು ಉಪಯೋಗಿಸಿ ಕೆಳಗಿನಂತೆ ಪರೀಕ್ಷಿಸಬೇಕು.

1. ಮೀಟರನ್ನು 20 ವೋಲ್ಟ್ ಡಿ.ಸಿ. ಮಾಪನದಲ್ಲಿರಿಸಿ, ಅದರ ಕಪ್ಪು ತುದಿಯನ್ನು ವಾಹನದ ಬಣ್ಣವಿಲ್ಲದ ಲೋಹದ ಭಾಗಕ್ಕೆ ತಾಗಿಸಬೇಕು.

2. ಕೀಲಿ 'ಲಾಕ್' ಸ್ಥಾನದಲ್ಲಿರುವಾಗ, ಫ್ಯೂಸಿನ ನೆತ್ತಿಯಲ್ಲಿ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಕೆಂಪು ತುದಿಯನ್ನು ಒಂದಾದ ಮೇಲೊಂದರಂತೆ ತಾಗಿಸಬೇಕು. ಮೀಟರ್ ಸೊನ್ನೆ ತೋರಿಸಿದ ಫ್ಯೂಸುಗಳನ್ನು ಗುರುತು ಹಾಕಿಕೊಳ್ಳಬೇಕು.

3. ಕೀಲಿಯನ್ನು 'ಎಸಿಸಿ'ಗೂ ಅನಂತರ 'ಆನ್'ಗೂ ತಿರುಗಿಸಿ, ಗುರುತು ಹಾಕಿದವುಗಳಲ್ಲಿ ಯಾವುವು 12 ವೋಲ್ಟ್ ತೋರಿಸುತ್ತವೆ ಎಂದು ಬರೆದುಕೊಳ್ಳಬೇಕು.

4. ಇನ್ನೊಬ್ಬರು ಎಂಜಿನ್ ಸ್ಟಾರ್ಟ್ ಮಾಡುತ್ತಿರುವಾಗ ಅದೇ ಫ್ಯೂಸಿನಲ್ಲಿ ವಿದ್ಯುತ್ತು ಕಡಿಯುತ್ತದೆಯೇ, ಉಳಿಯುತ್ತದೆಯೇ ಎಂಬುದನ್ನು ನೋಡಬೇಕು.

5. ಕೀಲಿ ತೆಗೆದು, ಬಾಗಿಲು ಮುಚ್ಚಿ ಬೀಗ ಹಾಕಿ, ಅರ್ಧ ಗಂಟೆಯ ಅನಂತರ ಮತ್ತೊಮ್ಮೆ ಅಳೆಯಬೇಕು. ಈಚಿನ ವಾಹನಗಳಲ್ಲಿ ಕೀಲಿ ತೆಗೆದ ಮೇಲೂ ಕೆಲವು ಮಂಡಲಗಳು ಸ್ವಲ್ಪ ಹೊತ್ತು ಜೀವಂತವಾಗಿರುತ್ತವೆ. ಕೊನೆಗೂ ಆರದ ಮಂಡಲ ನಮ್ಮ ಕೆಲಸಕ್ಕೆ ಬಾರದು.

ಹಳೆಯ ಬಲ್ಬಿನ ಪರೀಕ್ಷಾ ದೀಪವನ್ನು ಈಗಿನ ವಾಹನಗಳಲ್ಲಿ ಬಳಸದಿರುವುದು ಲೇಸು. ಬಲ್ಬು ಸೆಳೆಯುವ ಪ್ರವಾಹವು ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳಿಗೆ ಹಾನಿ ಮಾಡಬಹುದು. ಮಲ್ಟಿಮೀಟರ್ ಸೆಳೆಯುವ ಪ್ರವಾಹ ಗಣನೆಗೆ ಬಾರದಷ್ಟು ಕಡಿಮೆ.

ಮುಟ್ಟಬಾರದ ಮಂಡಲಗಳೂ ಇವೆ. ಏರ್‌ಬ್ಯಾಗ್, ಎ.ಬಿ.ಎಸ್. ಬ್ರೇಕ್, ಎಂಜಿನ್ ನಿಯಂತ್ರಣ ಘಟಕ, ಇಂಧನ ಪಂಪು, ಹೆಡ್‌ಲೈಟ್ ಇವುಗಳ ಫ್ಯೂಸಿನಿಂದ ಯಾವ ಕಾರಣಕ್ಕೂ ವಿದ್ಯುತ್ತು ಪಡೆಯಬಾರದು. ಏರ್‌ಬ್ಯಾಗಿನ ತಂತಿಗಳಿಗೆ ಸಾಮಾನ್ಯವಾಗಿ ಹಳದಿ ಹೊದಿಕೆ ಅಥವಾ ಹಳದಿ ಕನೆಕ್ಟರ್ ಇರುತ್ತದೆ. ಅವುಗಳ ಹತ್ತಿರ ಮೀಟರಿನ ತುದಿಯನ್ನೂ ಒಯ್ಯಬಾರದು. ಸಾಕೆಟ್ಟು, ಸಂಗೀತದ ಸೆಟ್ಟು, ವೈಪರ್, ಬ್ಲೋವರ್ ಇವುಗಳ ಮಂಡಲ ಆಯ್ಕೆಗೆ ಯೋಗ್ಯ. ಅಕಸ್ಮಾತ್ ಅಲ್ಲಿ ಫ್ಯೂಸ್ ಹೋದರೂ ವಾಹನದ ಸುರಕ್ಷತೆಗೆ ದೊಡ್ಡ ಧಕ್ಕೆಯಾಗದು. ಮಳೆಗಾಲದಲ್ಲಿ ವೈಪರನ್ನು ಕೊನೆಯ ಆಯ್ಕೆಯಾಗಿ ಇರಿಸಿಕೊಳ್ಳುವುದು ವಿವೇಕ.

ಆಯ್ದ ಮಂಡಲದ ತಂತಿಯನ್ನು ಸುಲಿದು ಇನ್ನೊಂದು ತಂತಿ ಸುತ್ತುವ ರೂಢಿಯನ್ನು ಬಿಡಬೇಕು. ಫ್ಯೂಸಿನ ಜಾಗದಲ್ಲಿಯೇ ಕೂರಿಸಬಹುದಾದ, ಎರಡು ಫ್ಯೂಸುಗಳನ್ನು ಹಿಡಿಯುವ ಜೋಡು ಹೋಲ್ಡರ್ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಮೂಲ ಫ್ಯೂಸನ್ನು ತೆಗೆದು, ಕೀಲಿ ತಿರುಗಿಸಿ, ಅದರ ಎರಡು ಸೀಳುಗಳಲ್ಲಿ ಯಾವುದರಲ್ಲಿ ವಿದ್ಯುತ್ತಿದೆ ಎಂದು ನೋಡಬೇಕು. ಹೋಲ್ಡರಿನ ಎರಡು ಫ್ಯೂಸುಗಳಿಗೂ ವಿದ್ಯುತ್ತು ಕೊಡುವ ಕಾಲು ಆ ಸೀಳಿನಲ್ಲಿ ಕೂರಬೇಕು. ತಿರುಗುಮುರುಗಾದರೆ ಹೊಸ ಹೊರೆಯೂ ಹಳೆಯ ಫ್ಯೂಸಿನ ಮೂಲಕವೇ ಹರಿಯುತ್ತದೆ.

ಜೋಡಣೆಯ ಎರಡು ವಿಧಾನಗಳು

ಕೆಲವು ಸೆಟ್ಟುಗಳಲ್ಲಿ ಇಗ್ನಿಷನ್ನಿಗಾಗಿಯೇ ಪ್ರತ್ಯೇಕ ತೆಳು ತಂತಿ ಇರುತ್ತದೆ. ಅದನ್ನು 1 ಅಥವಾ 2 ಆಂಪಿಯರಿನ ಸಣ್ಣ ಫ್ಯೂಸ್ ಮೂಲಕ ಕೀಲಿಯ ಮಂಡಲಕ್ಕೆ ಜೋಡಿಸಿ, ದಪ್ಪ ತಂತಿಗಳನ್ನು ಬ್ಯಾಟರಿಗೆ ಒಯ್ದರೆ ಕೆಲಸ ಮುಗಿಯಿತು.

ಅಂಥ ತಂತಿ ಇಲ್ಲದ ಸೆಟ್ಟಿಗೆ 12 ವೋಲ್ಟಿನ, 30 ಅಥವಾ 40 ಆಂಪಿಯರ್ ತಾಳಬಲ್ಲ ರಿಲೇ ಬೇಕಾಗುತ್ತದೆ. ಹಾರ್ನ್ ಮತ್ತು ಹೆಡ್‌ಲೈಟುಗಳಿಗೆ ಬಳಸುವ ಸಾಮಾನ್ಯ ರಿಲೇ ಸಾಕು. ಅದರ ಕಾಲುಗಳ ಮೇಲೆ ಅಂಕಿಗಳನ್ನು ಕೆತ್ತಿರುತ್ತಾರೆ. 86ನ್ನು ಸಣ್ಣ ಫ್ಯೂಸ್ ಮೂಲಕ ಕೀಲಿಯ ಮಂಡಲಕ್ಕೂ, 85ನ್ನು ವಾಹನದ ಲೋಹದ ಮೈಗೂ, 30ನ್ನು ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ದಪ್ಪ ತಂತಿಗೂ, 87ನ್ನು ಸೆಟ್ಟಿಗೂ ಜೋಡಿಸಬೇಕು. ಕೀಲಿ ತಿರುಗಿದಾಗ ರಿಲೇಯ ಸುರುಳಿ ಸುಮಾರು 0.15 ಆಂಪಿಯರ್ ಸೆಳೆದು ಒಳಗಿನ ಸಂಪರ್ಕವನ್ನು ಕೂಡಿಸುತ್ತದೆ; ಸೆಟ್ಟಿನ 12 ಆಂಪಿಯರ್ ಹರಿಯುವುದು ಬ್ಯಾಟರಿಯಿಂದ ಬಂದ ತಂತಿಯಲ್ಲಿ. ಸುರುಳಿ ಆರುವಾಗ ಏಳುವ ಹಿಮ್ಮುಖ ವೋಲ್ಟೇಜನ್ನು ತಡೆಯಲು 85 ಮತ್ತು 86ರ ನಡುವೆ 1ಎನ್4007 ಡಯೋಡನ್ನು, ಅದರ ಬಿಳಿ ಪಟ್ಟಿ 86ರ ಕಡೆಗಿರುವಂತೆ, ಸೇರಿಸಬೇಕು. ಡಯೋಡನ್ನು ಒಳಗೇ ಅಳವಡಿಸಿದ ರಿಲೇಗಳೂ ದೊರೆಯುತ್ತವೆ.

ತಂತಿ, ಫ್ಯೂಸ್ ಮತ್ತು ಋಣ ಧ್ರುವ

ತಂತಿಯ ದಪ್ಪ ಎಷ್ಟಿರಬೇಕೆಂಬುದಕ್ಕೆ ಲೆಕ್ಕವಿದೆ. ಬ್ಯಾಟರಿಯಿಂದ ಸೆಟ್ಟಿಗೆ 4 ಮೀಟರ್ ದೂರವಿದ್ದರೆ, ಹೋಗಿ ಬರುವ ತಂತಿಯ ಉದ್ದ 8 ಮೀಟರ್. 10 ಆಂಪಿಯರ್ ಹರಿಯುವಾಗ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಸುಮಾರು 0.56 ವೋಲ್ಟ್ ನಷ್ಟವಾಗುತ್ತದೆ. 4 ಚದರ ಮಿಲಿಮೀಟರಿನಲ್ಲಿ 0.35, 6 ಚದರ ಮಿಲಿಮೀಟರಿನಲ್ಲಿ 0.23 ಮಾತ್ರ. ಎಂಜಿನ್ ನಿಂತು ಬ್ಯಾಟರಿ 12.2 ವೋಲ್ಟಿಗೆ ಇಳಿದಾಗ ಈ ವ್ಯತ್ಯಾಸವೇ ನಿರ್ಣಾಯಕವಾಗುತ್ತದೆ. ಅನೇಕ ಸೆಟ್ಟುಗಳು 13.8 ವೋಲ್ಟಿನಿಂದ ಶೇಕಡಾ 15ರಷ್ಟು ಕೆಳಗೆ, ಅಂದರೆ ಸುಮಾರು 11.7 ವೋಲ್ಟಿನವರೆಗೆ ಮಾತ್ರ ಸರಿಯಾಗಿ ಕೆಲಸ ಮಾಡುವ ಭರವಸೆ ಕೊಡುತ್ತವೆ. ತೆಳು ತಂತಿ ಹಾಕಿದ್ದರೆ ಪ್ರಸಾರದ ಗುಂಡಿ ಒತ್ತಿದೊಡನೆ ಸೆಟ್ಟು ಆರಿಹೋಗಬಹುದು.

ಮುಖ್ಯ ಫ್ಯೂಸ್ ಬ್ಯಾಟರಿಯ ಧನ ಧ್ರುವಕ್ಕೆ ಆದಷ್ಟು ಹತ್ತಿರ, ಒಂದು ಗೇಣಿನೊಳಗೆ ಇರಬೇಕು. ಸೆಟ್ಟಿನ ಬಳಿ ಫ್ಯೂಸ್ ಇದ್ದು ಬ್ಯಾಟರಿಯ ಬಳಿ ಇಲ್ಲದಿದ್ದರೆ, ನಡುವಿನ ತಂತಿ ಎಲ್ಲಿಯಾದರೂ ಉಜ್ಜಿ ಲೋಹಕ್ಕೆ ತಾಗಿದಾಗ ತಡೆಯುವವರೇ ಇರುವುದಿಲ್ಲ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯಲ್ಲಿ ತಂತಿ ಹಾಯುವ ರಂಧ್ರಕ್ಕೆ ರಬ್ಬರ್ ಬುಷ್ ಕಡ್ಡಾಯ. ಸೈಲೆನ್ಸರ್ ಕೊಳವೆ, ಸ್ಟೀರಿಂಗ್ ದಂಡ ಮತ್ತು ಪೆಡಲುಗಳಿಂದ ತಂತಿಯನ್ನು ದೂರವಿರಿಸಬೇಕು. ಈ ಕೆಲಸಗಳಿಗೆ ತೊಡಗುವ ಮೊದಲು ಬ್ಯಾಟರಿಯ ಋಣ ಧ್ರುವದ ತಂತಿಯನ್ನು ಬಿಚ್ಚಿಡಬೇಕು.

ಈಚಿನ ಅನೇಕ ವಾಹನಗಳಲ್ಲಿ ಬ್ಯಾಟರಿಯ ಋಣ ಧ್ರುವದ ಮೇಲೆ ಚಿಕ್ಕದೊಂದು ಸಂವೇದಕ ಕೂತಿರುತ್ತದೆ. ಬ್ಯಾಟರಿಗೆ ಬಂದುಹೋಗುವ ಪ್ರವಾಹವನ್ನು ಎಣಿಸಿ ಆಲ್ಟರ್ನೇಟರನ್ನು ನಿಯಂತ್ರಿಸುವುದಕ್ಕೆ ಅದು ನೆರವಾಗುತ್ತದೆ. ಸೆಟ್ಟಿನ ಋಣ ತಂತಿಯನ್ನು ನೇರವಾಗಿ ಧ್ರುವಕ್ಕೇ ಕಟ್ಟಿದರೆ ಈ ಎಣಿಕೆ ತಪ್ಪುತ್ತದೆ. ಇಂಥ ವಾಹನಗಳಲ್ಲಿ ಬ್ಯಾಟರಿಯ ಋಣ ಕೇಬಲ್ ವಾಹನದ ಮೈಗೆ ಬೋಲ್ಟ್ ಆಗಿರುವ ಸ್ಥಳಕ್ಕೆ ಆ ತಂತಿಯನ್ನು ಸೇರಿಸಬೇಕು.

ಎಂಜಿನ್ ನಿಂತಿರುವಾಗ ಸಂಪರ್ಕ ಬೇಕಾದರೆ

ಪರಿಹಾರ ಶಿಬಿರದಲ್ಲಿ ವಾಹನ ನಿಲ್ಲಿಸಿ ಕೀಲಿಯನ್ನು ಚಾಲಕನು ಒಯ್ದಿರುವಾಗಲೂ ಸೆಟ್ಟು ಬೇಕಾಗಬಹುದು. ಇದಕ್ಕಾಗಿ ರಿಲೇಯ 86ನೇ ಕಾಲಿಗೆ ಮೂರು ಸ್ಥಾನಗಳ ಚಿಕ್ಕ ಸ್ವಿಚ್ಚನ್ನು ಸೇರಿಸಬಹುದು. ಒಂದು ಕಡೆಗೆ ಒತ್ತಿದರೆ ಕೀಲಿಯ ಮಂಡಲ, ನಡುವೆ ಬಂದ್, ಇನ್ನೊಂದು ಕಡೆಗೆ ಒತ್ತಿದರೆ ಸಣ್ಣ ಫ್ಯೂಸ್ ಮೂಲಕ ಬ್ಯಾಟರಿ. 'ನೇರ' ಸ್ಥಾನದಲ್ಲಿರುವಾಗ ಉರಿಯುವ ಕೆಂಪು ದೀಪವೊಂದಿದ್ದರೆ ಮರೆವಿಗೆ ಆಸ್ಪದವಿರುವುದಿಲ್ಲ. ಬ್ಯಾಟರಿ 12.2 ವೋಲ್ಟಿಗೆ ಇಳಿದೊಡನೆ ಎಂಜಿನ್ ಚಾಲೂ ಮಾಡಿ ಚಾರ್ಜ್ ಮಾಡಬೇಕು. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ನಡೆಸಿದರೆ ಅದರ ಹೊಗೆ ಪ್ರಾಣಾಪಾಯಕಾರಿ ಎಂಬುದನ್ನೂ ನೆನಪಿಡಬೇಕು.

ಕೊನೆಯ ಪರೀಕ್ಷೆ ಮತ್ತು ಪರವಾನಗಿ

ಜೋಡಣೆ ಮುಗಿದ ಮೇಲೆ ಸೆಟ್ಟಿಗೆ ಆಂಟೆನಾ ಜೋಡಿಸಿದೆ ಎಂದು ಖಚಿತಪಡಿಸಿಕೊಂಡು, ವಾಹನ ನಿಂತಿರುವಾಗಲೇ ಎಂಜಿನ್ ಚಾಲೂ ಮಾಡಿ ಪ್ರಸಾರ ಮಾಡಿ ನೋಡಬೇಕು. ಆ ಸಮಯದಲ್ಲಿ ಮೀಟರ್ ಫಲಕದ ಎಚ್ಚರಿಕೆ ದೀಪಗಳು ಹತ್ತಿದರೆ ಅಥವಾ ಎಂಜಿನ್ ತಡವರಿಸಿದರೆ ಆಂಟೆನಾ ತಂತಿಯ ಹಾದಿಯನ್ನು ಬದಲಿಸಬೇಕು. ಸೆಟ್ಟನ್ನಾಗಲಿ ಮೈಕನ್ನಾಗಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಕೂರಿಸಬಾರದು. ವಾಹನ ಚಲಿಸುವಾಗ ಸೆಟ್ಟನ್ನು ಪಕ್ಕದವರು ನಿರ್ವಹಿಸುವುದು ಕ್ಷೇಮ. ಹೊಸ ವಾಹನವಾದರೆ ವಾರಂಟಿಯ ನಿಬಂಧನೆಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ದ್ವಿಮುಖ ರೇಡಿಯೋ ಬಳಕೆಗೆ ನಿಯಮಗಳಿವೆ. ಅಲ್ಪಶಕ್ತಿಯ ಕೆಲವು ಸಾಧನಗಳಿಗೆ ವಿನಾಯಿತಿ ಇದ್ದರೂ, ಇಲ್ಲಿ ವಿವರಿಸಿದಂಥ ಸೆಟ್ಟುಗಳಿಗೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗದ ಪರವಾನಗಿ ಅಗತ್ಯ. ಹ್ಯಾಮ್ ಆಗಬಯಸುವವರು ನಿಗದಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆ 1983ರಲ್ಲಿ ಸ್ಥಾಪನೆಯಾಯಿತು. ಮುಂಬಯಿ, ಪುಣೆ, ಚೆನ್ನೈ, ಬೆಂಗಳೂರು, ದೆಹಲಿ ಮೊದಲಾದ ನಗರಗಳಲ್ಲೂ ಹ್ಯಾಮ್ ಬಳಗಗಳಿವೆ. ಅನುಭವಿಗಳ ಮಾರ್ಗದರ್ಶನ ಅಲ್ಲಿ ದೊರೆಯುತ್ತದೆ.

ವಿಪತ್ತಿನ ರಾತ್ರಿಯಲ್ಲಿ ಪರಿಹಾರ ವಾಹನವು ಮೊದಲ ಯತ್ನಕ್ಕೇ ಸ್ಟಾರ್ಟ್ ಆಗಬೇಕು; ಅದರೊಳಗಿನ ಸೆಟ್ಟು ಮೊದಲ ಕರೆಗೇ ಉತ್ತರಿಸಬೇಕು. ಒಂದು ರಿಲೇ, ಎರಡು ಮೂರು ಫ್ಯೂಸು, ಕೆಲವು ಮೀಟರ್ ತಂತಿ ಮತ್ತು ಅರ್ಧ ದಿನದ ಶ್ರಮದಿಂದ ಇವೆರಡನ್ನೂ ಸಾಧಿಸಬಹುದು. ಈ ಕೆಲಸವನ್ನು ಮಳೆಗಾಲಕ್ಕೆ ಮೊದಲೇ ಮಾಡಿ ಮುಗಿಸುವುದು ಒಳ್ಳೆಯದು.